ಅಪ್‌ಡೇಟ್ ಹೆಸರಲ್ಲಿ ಬೇಡದ್ದನ್ನು ತುರುಕಬೇಡಿ

ಮಾನ್ಯ ಸಂಪಾದಕರೇ,

ಫೋನ್ ಸುರಕ್ಷತೆ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳೆಲ್ಲ ಮೊದಲು ಹೇಳುವುದು ಒಂದೇ: ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳಿ. ಸರಿಯಾದ ಮಾತೇ. ಆದರೂ ಎಷ್ಟೋ ಜನ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಅವರನ್ನು ಸೋಮಾರಿಗಳು ಎಂದು ಬೈಯುವುದು ತಪ್ಪು. ಅವರಿಗೆ ಅಪ್‌ಡೇಟ್ ಮೇಲೆ ನಂಬಿಕೆ ಹೋಗಿದೆ. ಹೋಗುವಂತೆ ಮಾಡಿದ್ದು ಕಂಪನಿಗಳೇ.

ಒಂದು ಅಪ್‌ಡೇಟಿನಲ್ಲಿ ಏನೇನು ಬರುತ್ತದೆ ನೋಡಿ. ‘ಸುರಕ್ಷತಾ ದೋಷಗಳನ್ನು ಸರಿಪಡಿಸಲಾಗಿದೆ’ ಎಂಬ ಒಂದು ಸಾಲು ಇರುತ್ತದೆ. ಅದರ ಬೆನ್ನಿಗೇ ಯಾರೂ ಕೇಳದ ಹೊಸ ಆ್ಯಪ್, ಜಾಗ ಬದಲಾದ ಬಟನ್‌ಗಳು, ನಾವು ಆಫ್ ಮಾಡಿಟ್ಟರೂ ಮತ್ತೆ ಆನ್ ಆಗಿ ಕೂತ ನೋಟಿಫಿಕೇಶನ್‌ಗಳು. ‘ಈಗಲೇ ಇನ್‌ಸ್ಟಾಲ್ ಮಾಡಿ’ ಅನ್ನೋದು ದೊಡ್ಡ ನೀಲಿ ಬಟನ್. ಕೆಳಗೆ ಮಸುಕು ಅಕ್ಷರದಲ್ಲಿ ‘ನಂತರ’. ‘ಬೇಡ’ ಅನ್ನೋದು ಎಲ್ಲೂ ಇಲ್ಲ. ಮದ್ದು ಬೇಕಾದರೆ ಅಂಗಡಿಯ ಮಿಕ್ಕ ಸಾಮಾನನ್ನೂ ಹೊತ್ತುಕೊಂಡು ಹೋಗಿ ಅಂದ ಹಾಗಾಯಿತು.

2016ರಲ್ಲಿ ಮೈಕ್ರೋಸಾಫ್ಟ್ ಮಾಡಿದ್ದು ಹಲವರಿಗೆ ನೆನಪಿರಬಹುದು. ವಿಂಡೋಸ್ 7 ಇಟ್ಟುಕೊಂಡಿದ್ದವರಿಗೆ ವಿಂಡೋಸ್ 10ಕ್ಕೆ ಬನ್ನಿ ಎಂದು ಅದು ದುಂಬಾಲು ಬಿದ್ದಿತ್ತು. ಪಾಪ್‌ಅಪ್‌ನ ಮೂಲೆಯಲ್ಲಿರುವ ‘ಎಕ್ಸ್’ ಒತ್ತಿದರೆ ಬೇಡ ಅಂತ ತಾನೇ ಅರ್ಥ? ಆಗ ಅದನ್ನು ಒತ್ತಿದರೂ ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಸಿಟ್ಟಿಗೆದ್ದು ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿದವರಿದ್ದರು. ಮರುವರ್ಷ ಮೇ ತಿಂಗಳಲ್ಲಿ, ಕಂಪ್ಯೂಟರಿನ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ಸಿನ ದಾಳಿ ನಡೆಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಅದನ್ನು ತಡೆಯುವ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಆ ಪ್ಯಾಚ್ ಹಾಕದ ವಿಂಡೋಸ್ 7 ಯಂತ್ರಗಳು. ಎಲ್ಲಕ್ಕೂ ಆ ಸಿಟ್ಟೇ ಕಾರಣ ಎನ್ನಲಾರೆ. ಆದರೆ ಅಪ್‌ಡೇಟ್ ಅಂದರೆ ಕಿರಿಕಿರಿ ಅಂತ ಜನರಿಗೆ ಕಲಿಸಿಕೊಟ್ಟು, ಆಮೇಲೆ ಯಾಕೆ ಹಾಕಿಕೊಳ್ಳಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಆ್ಯಪಲ್ ಕಥೆ ಇನ್ನೊಂದು ಥರದ್ದು. ಬ್ಯಾಟರಿ ಹಳತಾದ ಐಫೋನ್ ದಿಢೀರ್ ಆಫ್ ಆಗದಿರಲಿ ಎಂದು 2017ರ ಒಂದು ಅಪ್‌ಡೇಟ್ ಫೋನಿನ ವೇಗ ತಗ್ಗಿಸಿತು. ಉದ್ದೇಶ ಕೆಟ್ಟದ್ದಲ್ಲ. ಆದರೆ ಬಳಸುವವರಿಗೆ ಅದನ್ನು ಬಿಡಿಸಿ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು, ಮರುವರ್ಷ ಅದನ್ನು ಆಫ್ ಮಾಡುವ ಆಯ್ಕೆ ಕೊಟ್ಟಿತು. ಗ್ರಾಹಕರಿಗೆ ತಿಳಿಸದಿದ್ದಕ್ಕೆ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ಆ ಆಯ್ಕೆ ಮೊದಲ ದಿನವೇ ಇದ್ದಿದ್ದರೆ ಇಷ್ಟು ರಂಪವೇ ಆಗುತ್ತಿರಲಿಲ್ಲ.

ಸುರಕ್ಷತೆಯನ್ನು ಬೇರೆ ಮಾಡಿ ಕೊಡುವುದು ಆಗದ ಕೆಲಸವೇನಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ಬೇರೆಯಾಗೇ ಕಾಣುತ್ತದೆ. ಆ್ಯಪಲ್ ಕೂಡ 2023ರಲ್ಲಿ ಬರೀ ಸುರಕ್ಷತೆಗೆ ಅಂತ ಸಣ್ಣ ಪ್ಯಾಚ್ ಕಳಿಸಿತ್ತು. ತೊಂದರೆ ಕೊಟ್ಟರೆ ಅದನ್ನು ನಾವೇ ತೆಗೆದುಹಾಕಬಹುದಿತ್ತು.

ಸುರಕ್ಷತಾ ಪ್ಯಾಚ್ ಬೇಕಾದರೆ ರಾತ್ರೋರಾತ್ರಿ ತಾನಾಗಿಯೇ ಬರಲಿ, ನನ್ನದೇನೂ ತಕರಾರಿಲ್ಲ. ಮಿಕ್ಕಿದ್ದಕ್ಕೆಲ್ಲ ನಮ್ಮನ್ನು ಕೇಳಲಿ. ‘ಬೇಡ’ ಅನ್ನುವ ಬಟನ್ ಇರಲಿ. ನಾವು ಆಫ್ ಮಾಡಿದ್ದು ಆಫ್ ಆಗೇ ಉಳಿಯಲಿ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ: ಹೊಸ ಫೋನಿನ ಬಗ್ಗೆ ಬರೆಯುವಾಗ ಕ್ಯಾಮೆರಾ ಮೆಗಾಪಿಕ್ಸೆಲ್ ಜೊತೆಗೆ, ಸುರಕ್ಷತಾ ಪ್ಯಾಚ್ ಎಷ್ಟು ವರ್ಷ ಬರುತ್ತದೆ, ಬೇರೆಯಾಗಿ ಬರುತ್ತದೆಯೇ ಎಂಬುದನ್ನೂ ದಯವಿಟ್ಟು ಬರೆಯಿರಿ.

ಇಂತಿ,
ನಿಮ್ಮ ಓದುಗ