ಪದ್ಯ ಕೇಳಿದವರಿಗೆ, ಕೇಳಿ ಸುಮ್ಮನಿದ್ದವರಿಗೆ

ಹೋದ ಭಾನುವಾರ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ನನ್ನ ಮೊದಲ ಕವನ ಸಂಕಲನ ಬಿಡುಗಡೆ ಆಯಿತು. 1890ರಲ್ಲಿ ಹುಟ್ಟಿದ ಸಂಘ ಅದು. ಅಂಥ ಕಡೆ ನಿಂತು ಸೂಜಿ, ರಕ್ತ, ಬಾಯಾರಿಕೆ ಅಂತ ಓದಿದೆ. ಯಾರೂ ನಡುವೆ ಎದ್ದು ಹೋಗಲಿಲ್ಲ. ಅವತ್ತು ಗಂಟಲು ಕಟ್ಟಿ ಸರಿಯಾಗಿ ಥ್ಯಾಂಕ್ಸ್ ಹೇಳೋಕೆ ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ಸಲಕ್ಕೆ ನಾಲ್ಕು ತಾಸು. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ. ಆ ಕೈ ಅಲ್ಲಾಡಿಸುವಂತಿಲ್ಲ. ಈ ಪದ್ಯಗಳನ್ನೆಲ್ಲ ಬಲಗೈಯಿಂದ ಮೊಬೈಲಿನಲ್ಲಿ ಬರೆದದ್ದು.

ಸೂಜಿಗಿಂತ ಜಾಸ್ತಿ ಕಾಡಿದ್ದು ನೀರು. ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ದಾಟಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಬ್ಯಾಸಿಗೆಯಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗುವಾಗ ಉಣಕಲ್ ಕೆರೆ ಬರುತ್ತದೆ. ಆ ಕೆರೆಗೆ ಬಾಯಿಗೆ ಬಂದಂತೆ ಬೈದು ಬರೆದದ್ದೇ ಪುಸ್ತಕದ ಮೊದಲ ಪದ್ಯ.

ಅದನ್ನು ಮೊದಲು ಕೇಳಿದ್ದು ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗ. "ಅಕ್ಕಾರ, ಏನ್ ಬರ್ಯಾಕತ್ತೀರಿ? ಜರಾ ಓದ್ರಿ" ಅಂದ. ಓದಿದೆ. ಛಲೋ ಐತಿ ಅಂತೇನೂ ಅನ್ನಲಿಲ್ಲ. "ಹೌದ್ರಿ, ಎಲ್ಲಾರಿಗೂ ಹಿಂಗ ಆಗ್ತೈತಿ" ಅಂದು ಪಕ್ಕದ ಮಷೀನ್ ನೋಡಲು ಹೋದ. ಅದಕ್ಕಿಂತ ಒಳ್ಳೆಯ ವಿಮರ್ಶೆ ಇನ್ನೂ ಸಿಕ್ಕಿಲ್ಲ.

"ಖುಷಿ ಕೊಡೋದು ಬರಿ, ಪಾಸಿಟಿವ್ ಆಗಿರು" ಅಂದವರೂ ಇದ್ದಾರೆ. ಸಿಟ್ಟಿಲ್ಲ. ಆದರೆ ಮೈಯಲ್ಲಿ ಶಕ್ತಿ ಇಲ್ಲದಾಗ ನಗುತ್ತಾ ಇರೋದೂ ಒಂದು ದುಡಿಮೆಯೇ. ಕತ್ತಲೆಯದನ್ನು ಬರೆದ ರಾತ್ರಿ ನನಗೆ ನಿದ್ದೆ ಬರುತ್ತಿತ್ತು. ಧಾರವಾಡಕ್ಕೆ ಇದು ಹೊಸದೂ ಅಲ್ಲ. ಸಾಧನಕೇರಿಯ ಬೇಂದ್ರೆಯವರು ಮಗು ತೀರಿಕೊಂಡಾಗ ಹೆಂಡತಿಯ ನೋಟ ತಾಳಲಾರದೆ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಹಾಡನ್ನು ನಾವು ಇವತ್ತಿಗೂ ಹಾಡುತ್ತೇವೆ, ಅಲ್ವಾ? ಎಷ್ಟೋ ಜನ ಅದನ್ನು ಪ್ರೇಮಗೀತೆ ಅಂದುಕೊಂಡಿದ್ದಾರೆ. (ಅವರ ಸಾಲಿನಲ್ಲಿ ನಿಲ್ಲುವಷ್ಟು ಸೊಕ್ಕು ನನಗಿಲ್ಲ, ಮತ್ತೆ ತಪ್ಪು ತಿಳಿಯಬೇಡಿ.)

ಕಾಲೇಜಿನಲ್ಲಿ ಕನ್ನಡ ಕಲಿಸಿದ ಸರ್ ಒಮ್ಮೆ ನಾಲ್ಕೂ ತಾಸು ನನ್ನ ಪಕ್ಕ ಕೂತಿದ್ದರು. ಹೋಗುವಾಗ ಅಂದರು: "ಏನವಾ, ಪುಟಕ್ಕೊಂದ ಸಾವು ಬರದೀ. ಓದೋರಿಗೆ ಅದು ಕಾಣೂದಿಲ್ಲ. ಟೇಪ್ ಕೀಳೂಮುಂದ ಕೈಯಾನ ಕೂದಲಾ ಕಿತ್ತು ಬರ್ತಾವಲ್ಲ, ಅದನ್ನ ಬರಿ." ಪುಸ್ತಕದಲ್ಲಿ ನಿಮಗೆ ಹಿಡಿಸಿದ ಸಾಲುಗಳೆಲ್ಲ ಆ ಮಾತಿನ ನಂತರದವು. ಸರ್, ನಿಮಗೆ ನಮಸ್ಕಾರ.

ಅವ್ವ ಒಂದು ಪದ್ಯವನ್ನೂ ಓದಿಲ್ಲ. "ನೀ ಬರಿ, ನನಗ ಓದಾಕ ಹಚ್ಚಬ್ಯಾಡ" ಅಂದಿದ್ದಾಳೆ. ನನ್ನ ಕಿಡ್ನಿ ಹೊರಗೆ ಹಾಕಲಾರದ ಪೊಟ್ಯಾಸಿಯಂ ಊಟದಲ್ಲೇ ಕಡಿಮೆಯಾಗಲಿ ಅಂತ ದಿನಾ ಕಾಯಿಪಲ್ಲೆ ಕುದಿಸಿ, ನೀರು ಚೆಲ್ಲಿ, ನನಗೇ ಬೇರೆ ಪಲ್ಯ ಮಾಡುತ್ತಾಳೆ. ಅವಳು ಇದನ್ನೂ ಓದುವುದಿಲ್ಲ, ಆದರೂ ಬರೆದಿಟ್ಟಿದ್ದೇನೆ.

ಪುಸ್ತಕ ಕೊಂಡವರಿಗೆಲ್ಲ ಥ್ಯಾಂಕ್ಸ್. ಪ್ರೆಸ್ಸಿನ ಕಾಕಾ ಅವರಿಗೆ ಡಬಲ್ ಥ್ಯಾಂಕ್ಸ್, ಬಾಕಿ ಕೇಳಲು ಇನ್ನೂ ಒಂದು ಫೋನೂ ಮಾಡಿಲ್ಲ. ಪಗಾರ ಆದ ಕೂಡಲೇ ಬಂದು ಕೊಡುತ್ತೇನೆ, ಕಾಕಾ.