ಮೂರು ಧಾತುಗಳ ಒಂದು ‘ಇರು’

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಡಚ್ ಕ್ಲಾಸಿನಲ್ಲಿ ‘ಜ಼ೈನ್’ ಹತ್ತಿರವೇ ಎಡವುತ್ತಿದ್ದೀಯ, ಎಷ್ಟು ಬಾಯಿಪಾಠ ಮಾಡಿದರೂ ನಿಲ್ಲುತ್ತಿಲ್ಲ ಅಂದೆಯಲ್ಲ. ‘ಇರು’ ಅನ್ನುವ ಒಂದೇ ಅರ್ಥಕ್ಕೆ ಇಕ್ ಬೆನ್ (ನಾನು ಇದ್ದೇನೆ), ಹೈ ಇಸ್ (ಅವನು ಇದ್ದಾನೆ), ವೈ ಜ಼ೈನ್ (ನಾವು ಇದ್ದೇವೆ). ನಿನ್ನೆಯ ಮಾತಾದರೆ ಒಬ್ಬರಿಗೆ ವಸ್, ಹಲವರಿಗೆ ವಾರನ್. ಒಂದರ ಮುಖ ಇನ್ನೊಂದಕ್ಕಿಲ್ಲ. ಇರುವುದಾದರೂ ಹೇಗೆ ಮಗು, ಅವು ಒಂದೇ ತಾಯಿಯ ಮಕ್ಕಳಲ್ಲ. ಮೂರು ಬೇರೆ ಬೇರೆ ಧಾತುಗಳು ಬಂದು ಒಂದೇ ಕ್ರಿಯಾಪದದಲ್ಲಿ ಸೇರಿಕೊಂಡಿವೆ.

ನಿನ್ನ ತಾತ ಸಂಜೆ ದೀಪ ಹಚ್ಚಿದ ಮೇಲೆ ನಮ್ಮನ್ನು ಕೂರಿಸಿ ಸಂಸ್ಕೃತದ ‘ಅಸ್ತಿ, ಸ್ತಃ, ಸಂತಿ’ (ಒಬ್ಬರು, ಇಬ್ಬರು, ಹಲವರು ಇದ್ದಾರೆ) ಹೇಳಿಸುತ್ತಿದ್ದರು. ಇಸ್, ಜ಼ೈನ್ ಆ ‘ಅಸ್’ ಧಾತುವಿನ ಬಳಗ. ಸಂತಿಯಲ್ಲಿ ಮೊದಲ ‘ಅ’ ಬಿದ್ದುಹೋದ ಹಾಗೇ ಜ಼ೈನ್‌ನಲ್ಲೂ ಬಿದ್ದಿದೆ. ಬೆನ್, ‘ನೀನು’ ಜೊತೆ ಬರುವ ಬೆಂಟ್‌ನ ‘ಬ’ ಬಂದದ್ದು ‘ಭೂ’ದ ನಂಟಿನಿಂದ, ಭವಿಷ್ಯದಲ್ಲಿ ಇದೆಯಲ್ಲ, ಅದೇ. ನನಗೆ ಪ್ರಿಯವಾದದ್ದು ಮೂರನೆಯದು. ವಸ್, ವಾರನ್, ಇಂಗ್ಲಿಷಿನ ‘ಬೀನ್’ನಂಥ ಖೆವೇಸ್ಟ್, ‘ಇರು’ವಿನ ಇನ್ನೊಂದು ಮೂಲರೂಪ ವೇಜ಼ನ್ ಎಲ್ಲವೂ ನಮ್ಮ ವಸತಿ, ನಿವಾಸಗಳ ‘ವಸ್’, ಅಂದರೆ ತಂಗು. ಡಚ್ಚರು ‘ಇದ್ದೆ’ ಅಂದಾಗಲೆಲ್ಲ ಅದರ ಬೇರಿನಲ್ಲಿ ‘ತಂಗಿದ್ದೆ’ ಇದೆ.

ಹಾಗಂತ ಡಚ್ ಸಂಸ್ಕೃತದಿಂದ ಹುಟ್ಟಿತು ಅಂತ ಯಾರ ಮುಂದೂ ಹೇಳಬೇಡ. ಇವು ದಾಯಾದಿಗಳು, ಎರಡಕ್ಕೂ ಹಿಂದೆ ಒಂದು ಹಿರಿಯ ಭಾಷೆ ಇತ್ತು. ವಸ್‌ನ ‘ಸ’ ವಾರನ್‌ನಲ್ಲಿ ‘ರ’ ಆದದ್ದೇಕೆ ಎಂಬುದನ್ನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಕಾರ್ಲ್ ವೆರ್ನರ್ ಬಿಡಿಸಿ 1877ರಲ್ಲಿ ಪ್ರಕಟಿಸಿದರು. ಹಿಂದೆ ಒತ್ತು ಯಾವ ಅಕ್ಷರದ ಮೇಲಿತ್ತು ಅನ್ನುವುದೇ ಕಾರಣ. ಅವರಿಗೆ ಅದರ ಸುಳಿವು ಸಿಕ್ಕಿದ್ದು ವೇದದ ಉದಾತ್ತ ಸ್ವರದಲ್ಲಿ, ಅಂದರೆ ಅಲ್ಲಿ ಒತ್ತು ಬೀಳುವ ಅಕ್ಷರದ ಸ್ವರದಲ್ಲಿ. ತಾತ ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಇನ್ನೊಂದು ಮಾತು. ನೆದರ್ಲೆಂಡ್ಸ್‌ನ ಲೈಡನ್ನಿಗೆ ಬಂದ ಹೊಸದರಲ್ಲಿ ಬೇಕರಿಯಲ್ಲಿ ನಾನು ‘ಹೋಗಿಬಂದಿದ್ದೇನೆ’ ಅನ್ನಲು ‘ಇಕ್ ಹೆಬ್ ಖೆವೇಸ್ಟ್’ ಅಂದುಬಿಟ್ಟೆ, ಇಂಗ್ಲಿಷಿನ ಹ್ಯಾವ್ ತಂದು ಅಂಟಿಸಿ. ಬ್ರೆಡ್ ಕೊಯ್ಯುತ್ತಿದ್ದ ಅಜ್ಜಿ ಯಂತ್ರ ನಿಲ್ಲಿಸಿ, ‘ಇಕ್ ಬೆನ್ ಖೆವೇಸ್ಟ್’ ಅಂತ ಮೆಲ್ಲಗೆ ತಿದ್ದಿದರು. ಕನ್ನಡದಲ್ಲಿ ‘ಹೋಗಿದ್ದೇನೆ’ ಅನ್ನುವಾಗ ನಾವೂ ‘ಇರು’ವನ್ನೇ ಕರೆಯುತ್ತೇವಲ್ಲ! ಇಲ್ಲಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದ ಕೈ ಹಿಡಿ.

ಈಜಿ ಬಂದೆ ಅನ್ನಲು ‘ಇಕ್ ಬೆನ್ ವೇಜ಼ನ್ ಜ಼್ವೆಮ್ಮನ್’ ಅನ್ನುತ್ತಾರೆ. ಭಾನುವಾರ ಫೋನ್ ಮಾಡಿದಾಗ ವಾರವಿಡೀ ಎಲ್ಲೆಲ್ಲಿ ಹೋಗಿಬಂದೆ ಅಂತ ಹೀಗೇ ಹೇಳು, ತಪ್ಪಿದರೆ ನಾನಿದ್ದೇನೆ.

ನಿನ್ನ ದೊಡ್ಡಮ್ಮ