ಮಸಾಯಿ ಮಾರಾ: ನಾಳೆ ಬೆಳಿಗ್ಗೆಗೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 6ಕ್ಕೇ ಸಫಾರಿ ಜೀಪ್ ಹೊರಡುತ್ತದೆ. ದಯವಿಟ್ಟು ತಡ ಮಾಡಬೇಡಿ. ಬಿಸಿಲೇರಿದರೆ ಸಿಂಹಗಳು ಪೊದೆಯ ನೆರಳು ಹಿಡಿದು ಮಲಗಿಬಿಡುತ್ತವೆ. ಕೀನ್ಯಾ ಅಂದರೆ ಸೆಕೆ ಅಂದುಕೊಳ್ಳಬೇಡಿ. ಈ ಮಾರಾ ವನ್ಯಧಾಮ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ, ಸ್ವೆಟರ್ ಬೇಕೇ ಬೇಕು.

ಪ್ರಾಣಿಯನ್ನೇ ಹುಡುಕಬೇಡಿ, ಸುಳಿವು ಹುಡುಕಿ. ಜಿರಾಫೆಗಳೆಲ್ಲ ಒಂದೇ ಕಡೆ ದಿಟ್ಟಿಸುತ್ತಿದ್ದರೆ ಅಲ್ಲಿ ಸಿಂಹ ಇರಬಹುದು. ರಣಹದ್ದುಗಳು ಸಾಲಾಗಿ ಕೆಳಗಿಳಿದರೆ ಬೇಟೆ ಬಿದ್ದಿರಬಹುದು. ಮರದ ಕೊಂಬೆಯಿಂದ ಬಾಲ ಜೋತಾಡುತ್ತಿದೆಯಾ ನೋಡಿ, ಅದು ಚಿರತೆ. ಗೆದ್ದಲ ಹುತ್ತದ ಮೇಲೆ ನಿಂತು ಬಯಲು ನೋಡುವುದು ಜಾಸ್ತಿ ಚೀತಾ. ಅದರ ಕಣ್ಣಿನಿಂದ ಬಾಯಿವರೆಗೆ ಕಣ್ಣೀರಿನಂತೆ ಕಪ್ಪು ಗೆರೆ ಇರುತ್ತದೆ.

ಹಕ್ಕಿಗಳನ್ನು ಮರೆಯಬೇಡಿ. ಕಾಡೆಮ್ಮೆಯ ಬೆನ್ನ ಮೇಲೆ ಉಣ್ಣೆಹುಳ ಹೆಕ್ಕುವುದು ಆಕ್ಸ್‌ಪೆಕರ್. ನನಗೆ ತುಂಬ ಇಷ್ಟವಾದದ್ದು ಲೈಲಾಕ್ (ತಿಳಿ ನೇರಳೆ) ಎದೆಯ ರೋಲರ್. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ ಅದು! ಒಣಕೊಂಬೆಯ ತುದಿಯಲ್ಲಿ ಕೂತಿರುತ್ತದೆ. ಹಾರಿದಾಗ ರೆಕ್ಕೆಯ ನೀಲಿ ನೋಡಿ.

ಜೀಪಿನಿಂದ ಇಳಿಯುವಂತಿಲ್ಲ, ಕೂಗುವಂತಿಲ್ಲ. ಪ್ಲಾಸ್ಟಿಕ್ ಕೈಚೀಲ ತರಬೇಡಿ, ಕೀನ್ಯಾದಲ್ಲಿ 2017ರಿಂದ ನಿಷೇಧವಿದೆ. ದುರ್ಬೀನು ಇದ್ದವರು ಪಕ್ಕದವರಿಗೂ ಕೊಡಿ, ಆಯ್ತಾ?